ತೆನೆ ಕೊಯ್ಯಲು ಬರುತ್ತಿದ್ದ ಪಾದ್ರಿ

ಫಾದರ್ ಸಿಲ್ವೆಸ್ತರರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಪಾಪನಿವೇದನೆಯ ಗೂಡಿನೊಳಗೆ ಕುಳಿತು ಅವರು ಹೇಳುವ ಬುದ್ಧಿಮಾತು ಹೊರಗೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುತ್ತಿತ್ತಂತೆ. "ಅತ್ತೆಗೆ ಎದುರು ಮಾತಾಡಿದ್ದು ಸಾಕು, ಇನ್ನು ಬಾಯಿ ಮುಚ್ಚಿ!" ಎಂದು ಒಳಗಿಂದ ಗುಡುಗು ಬಂದರೆ, ಅದು ಯಾರ ಮನೆಯ ಸೊಸೆಯೆಂದು ಮಂಗಳೂರಿನ ಇಡೀ ಜೆಪ್ಪು ಕೇರಿಗೆ ಗೊತ್ತಾಗುತ್ತಿತ್ತು. ಮರ್ಯಾದೆಗೆ ಅಂಜುವ ಹೆಂಗಸರು ತಮ್ಮ ಪಾಪಗಳನ್ನು ಬೇರೆ ಇಗರ್ಜಿಗೆ ಒಯ್ಯುತ್ತಿದ್ದರು. ಇದನ್ನೆಲ್ಲ ನನಗೆ ಹೇಳಿ ನಗುತ್ತಿದ್ದವರು ಅವರ ಅಕ್ಕ ಸೆವ್ರಿನ್ ಬಾಯಿ.

ನಮ್ಮದು ಪಡೀಲಿನ ಬಂಟರ ಮನೆ. ಫಾದರಿಗೂ ನಮಗೂ ನಂಟು ಬೆಳೆದದ್ದು ಭತ್ತದ ತೆನೆಯಿಂದ. ಮೊಂತಿ ಹಬ್ಬದ ದಿನ, ಅಂದರೆ ಮೇರಿಮಾತೆಯ ಹುಟ್ಟುಹಬ್ಬಕ್ಕೆ, ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳು ಸುಲಿದು ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯುತ್ತಾರೆ. ಆ ತೆನೆ ಹೋಗುತ್ತಿದ್ದುದು ನಮ್ಮ ಗದ್ದೆಯಿಂದ. ಆಳಿನ ಕೈಯಲ್ಲಿ ಕಳಿಸುತ್ತೇನೆಂದರೆ ಫಾದರ್ ಕೇಳುವವರಲ್ಲ. ನಿಲುವಂಗಿಯನ್ನು ಮೊಣಕಾಲಿನ ಮೇಲೆ ಕಟ್ಟಿಕೊಂಡು ತಾವೇ ಕೆಸರಿಗಿಳಿಯುತ್ತಿದ್ದರು. "ಇದೆಂತ ಕತ್ತಿ ಶೆಟ್ರೇ? ಇದ್ರಲ್ಲಿ ಬೆಣ್ಣೆ ಸಹ ಕೊಯ್ಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ರೆ!" ಎಂದು ಅವರು ಕೂಗಿದರೆ ಗದ್ದೆಯ ಕೊಕ್ಕರೆಗಳೆಲ್ಲ ಏಳುತ್ತಿದ್ದವು.

ಎಂಬತ್ತರ ದಶಕದ ಆರಂಭದಲ್ಲಿ ಅವರನ್ನು ಉತ್ತರದ ಒಂದು ಗುಡ್ಡಗಾಡಿಗೆ ಕಳಿಸಿದರು. ಅಲ್ಲಿ ಯೇಸುವನ್ನು ನಂಬಿದವರಿಗೆ ಊರಬಾವಿಯ ನೀರು ನಿಂತಿತು. ಪ್ರಾರ್ಥನೆಯ ಗುಡಿಸಲಿಗೆ ಬೆಂಕಿ ಬಿತ್ತು. ಮುಂದಿನ ಸರದಿ ಪಾದ್ರಿಯದೇ ಎಂದು ಸಾರಿದ್ದೂ ಆಯಿತು. ಫಾದರ್ ರಜೆಯಲ್ಲಿ ಊರಿಗೆ ಬಂದಾಗ ಮೇಲಿನವರು, ಬೇಕಿದ್ದರೆ ಇಲ್ಲೇ ಉಳಿದು ಶಾಲೆ ನೋಡಿಕೊಳ್ಳಿ ಎಂದರು. ಹಬ್ಬ ಮುಗಿದ ಮೇಲೆ ಉತ್ತರ ಹೇಳಬೇಕಿತ್ತು.

ಹಬ್ಬದ ಮುನ್ನಾದಿನ ತೆನೆಗೆ ಬಂದವರು ಕತ್ತಿ ಹಿಡಿದು, ಕೆಸರಿಗಿಳಿಯದೆ ಬದುವಿನ ಮೇಲೆಯೇ ನಿಂತರು.

"ಹೆದರಿಕೆ ಆಗ್ತದೆ ಶೆಟ್ರೇ," ಎಂದರು. ಅಷ್ಟು ಸಣ್ಣ ದನಿ ಅವರಿಗೆ ಉಂಟೆಂದು ನನಗೆ ಗೊತ್ತೇ ಇರಲಿಲ್ಲ. "ಅಲ್ಲಿ ನಾಯಿ ಬೊಗಳಿದ್ರೆ ಸಾಕು, ಮೈಯೆಲ್ಲ ಬೆವರ್ತದೆ."

"ಹಾಗಾದ್ರೆ ಹೋಗ್ಬೇಡಿ ಫಾದರ್. ಯಾರು ಎಂತ ಹೇಳ್ತಾರೆ?"

"ಯಾರೂ ಎಂತ ಹೇಳುದಿಲ್ಲ. ಆದ್ರೆ ಅಲ್ಲಿಯವರಿಗೆ ಓಡಿ ಬರ್ಲಿಕ್ಕೆ ಮಂಗಳೂರು ಇಲ್ಲ ಅಲ್ವಾ?"

ಹಬ್ಬದ ಮರುದಿನವೇ ಹೊರಟುಹೋದರು. ಮುಂದಿನ ಮಳೆಗಾಲಕ್ಕೆ ಮುಂಚೆ ಸುದ್ದಿ ಬಂತು. ಪ್ರಾರ್ಥನೆಗೆ ಬರುವವರು ಯಾರ್ಯಾರೆಂದು ಹೇಳು ಎಂದು ಹಿಡಿದು ಕೇಳಿದರಂತೆ. ಫಾದರ್ ಒಬ್ಬರ ಹೆಸರನ್ನೂ ಹೇಳಲಿಲ್ಲವಂತೆ. ಹೊಡೆದು ಕೊಂದರು. ಮಣ್ಣು ಮಾಡಿದ್ದೂ ಅಲ್ಲಿಯೇ. ಇವತ್ತಿಗೂ ತೆನೆ ಬಾಗುವ ಹೊತ್ತಿಗೆ, ಗದ್ದೆಯ ಬದುವಿನ ಮೇಲೆ ನನ್ನ ಬೆನ್ನ ಹಿಂದೆ ಯಾರೋ ಏನೋ ಹೇಳಲು ನಿಂತ ಹಾಗಾಗುತ್ತದೆ. ನಾನು ತಿರುಗಿ ನೋಡುವುದಿಲ್ಲ.

ಜೆಪ್ಪುವಿನ ಇಗರ್ಜಿಯಲ್ಲಿ ಅವರಿಗಾಗಿ ದೊಡ್ಡ ಪೂಜೆ ನಡೆಯಿತು. ಹೆದರಿಕೆಯೆಂದರೆ ಏನೆಂದೇ ಅರಿಯದ ವೀರ, ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿ ಎಂದು ಒಬ್ಬರಾದ ಮೇಲೊಬ್ಬರು ಹೊಗಳಿದರು. ಸೆವ್ರಿನ್ ಬಾಯಿ ಮರಗಟ್ಟಿದವರಂತೆ ಕುಳಿತಿದ್ದರು. ಹೊರಗೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದರು.

"ಇವರು ಹೇಳುವ ಆ ವೀರ ಯಾರಂತ ನನಗೆ ಗೊತ್ತಾಗುದಿಲ್ಲ ಶೆಟ್ರೇ. ನಿಮ್ಮ ಹತ್ರ ಅವ ಎಂತಾದ್ರೂ ಹೇಳಿದ್ದನಾ?"

ಹೇಳಲೋ ಬೇಡವೋ ಎಂದು ತಡವರಿಸಿದೆ. "ಹೆದರಿಕೆ ಆಗ್ತದೆ ಅಂದಿದ್ರು ಬಾಯಿ."

ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸುದ್ದಿ ಬಂದಂದಿನಿಂದ ಒಂದು ಹನಿ ಕಣ್ಣೀರು ಹಾಕದ ಹೆಂಗಸು.

"ಅದು ಅವನೇ," ಎಂದು ಅಳತೊಡಗಿದರು. "ಅದು ನನ್ನ ತಮ್ಮ."