ಬಸ್ಸಿನ ಬೆನ್ನ ಮೇಲಿನ ಬಾಯಿ

ಥೂ, ಆ ಆಫೀಸಿನ ವಾಸನೆಯೇ ಹುಡುಗಿಗೆ ಆಗಿಬರುತ್ತಿರಲಿಲ್ಲ. ಕೆಳಗೆ ಟೈರಿನ ಅಂಗಡಿ, ಮೇಲೆ ಜಾಹೀರಾತು ಮಾಡುವ ಒಂದೇ ಕೋಣೆ. ರಬ್ಬರಿನ ಘಾಟಿನ ಜೊತೆಗೆ ಮಾಲೀಕನ ಸೆಂಟು ಬೇರೆ. ಡಿಸೈನ್ ಕಾಲೇಜಿನ ಕೊನೆಯ ವರ್ಷದವಳು, ತರಬೇತಿಗೆಂದು ಸೇರಿದ್ದವಳು, ಮೂಗು ಮುಚ್ಚಿಕೊಂಡು ಕೂತಳು. ಕೈಯಲ್ಲಿ ಕಸುಬಿತ್ತು. ಅಕ್ಷರ ಬಿಡಿಸುವುದರಲ್ಲಂತೂ ಅವಳನ್ನು ಮೀರಿಸುವವರಿರಲಿಲ್ಲ. ಕೆಲಸ ಖಾಯಂ ಮಾಡುತ್ತೇನೆಂದು ಮಾಲೀಕ ಆಸೆ ತೋರಿಸಿದ್ದ. ಆಸೆ ತೋರಿಸುವುದರಲ್ಲಿ ಅವನದು ಎತ್ತಿದ ಕೈ.

ಒಂದು ದಿನ ಟೂತ್‌ಪೇಸ್ಟ್ ಕಂಪನಿಯ ಕೆಲಸ ಬಂತು. "ಅಸಹ್ಯವಾದ ಒಂದು ಬಾಯಿ ಬೇಕಮ್ಮ. ನೋಡಿದೋರು ಊಟ ಬಿಡ್ಬೇಕು" ಎಂದ ಮಾಲೀಕ.

ಅವಳ ಫೋನಿನಲ್ಲಿ ಅಪ್ಪನ ಫೋಟೊ ಇತ್ತು. ಅಪ್ಪ ಸಿಟಿ ಬಸ್ಸಿನ ಡ್ರೈವರ್. ಟೀ, ಸಿಗರೇಟು ಸೇರಿ ಹಲ್ಲೆಲ್ಲ ಕಂದು, ಮುಂದಿನದೊಂದು ಮುರುಕು. ಆದರೆ ನಕ್ಕರೆ ಬಾಯಿ ತುಂಬ ನಗುವವನು. ಅವಳು ಡಿಪೋ ಮ್ಯಾನೇಜರನ ನಡಿಗೆ ಅಣಕಿಸಿದಾಗ ಬಿದ್ದು ಬಿದ್ದು ನಕ್ಕಿದ್ದ, ಆಗ ತೆಗೆದದ್ದು. ಸರಿಯಾದ ಚಿತ್ರ ಸಿಗುವತನಕ ಜಾಗ ಹಿಡಿದಿರಲಿ ಎಂದು ಮೂಗಿನ ಕೆಳಗಿನ ಭಾಗವನ್ನಷ್ಟೇ ಕತ್ತರಿಸಿ ಕಂಪ್ಯೂಟರಿನಲ್ಲಿ ಜಾಹೀರಾತಿನ ಕರಡಿಗೆ ಕೂರಿಸಿದಳು. ಈ ಕಸುಬಿನವರೆಲ್ಲ ಹಾಗೆಯೇ: ಕೈಗೆ ಸಿಕ್ಕ ಚಿತ್ರ ಇಟ್ಟು, ಮೇಲೆ "ಬದಲಿಸಬೇಕು" ಎಂಬ ಕೆಂಪು ಪಟ್ಟಿ ಎಳೆಯುತ್ತಾರೆ. ಇವಳೂ ಎಳೆದಿದ್ದಳು. ಕಂಪನಿಯವರಿಗೆ ತೋರಿಸುವಾಗ ಅಂದಗೆಡುತ್ತದೆಂದು ಪಟ್ಟಿಯನ್ನು ಮರೆಮಾಡಿದಳು. ಮತ್ತೆ ಕಾಣುವಂತೆ ಮಾಡಲು ಮರೆತಳು. ಮಾಲೀಕ ಅದನ್ನೇ ಪ್ರಿಂಟಿಗೆ ಕಳಿಸಿದ.

ಅವಳಿಗೆ ಗೊತ್ತಾದದ್ದು ರಸ್ತೆ ದಾಟಲು ನಿಂತಾಗ. ಮುಂದೆ ಹಾದುಹೋದ ಬಸ್ಸಿನ ಬೆನ್ನ ತುಂಬ ಅಪ್ಪನ ಬಾಯಿ! ಕೆಳಗೆ ಅವಳೇ ಬಿಡಿಸಿದ ದಪ್ಪಕ್ಷರ: "ಛೀ! ಈ ಬಾಯಿ ನಿಮ್ಮದಾ?" ಪಕ್ಕದಲ್ಲಿದ್ದವನೊಬ್ಬ "ಏನ್ ಹೊಲಸಪ್ಪಾ!" ಎಂದು ಕ್ಯಾಕರಿಸಿ ಉಗಿದ. ಅವಳಿಗೆ ಅವನ ಮೇಲಲ್ಲ, ತನ್ನ ಮೇಲೆಯೇ ಹೇಸಿಗೆಯಾಯಿತು. ಅಪ್ಪನ ಕಣ್ಣಿಗೆ ಬೀಳುವ ಮೊದಲು ಅದನ್ನು ತೆಗೆಸಲೇಬೇಕು. ಆಫೀಸಿಗೆ ಓಡಿದಳು.

"ಸಾರ್, ಅದು ನಮ್ಮಪ್ಪನ ಬಾಯಿ. ತೆಗೆಸಿ ಸಾರ್."

ಮಾಲೀಕ ಮೊದಲು ಕಣ್ಣು ಕಣ್ಣು ಬಿಟ್ಟ, ಆಮೇಲೆ ಕಿಸಕ್ಕನೆ ನಕ್ಕ. ಅವನ ಹಲ್ಲೋ, ಒಂದು ಕಲೆಯಿಲ್ಲ!

"ಅಯ್ಯೋ, ಅರ್ಧ ಮುಖ ಕಣಮ್ಮ, ಯಾರಿಗ್ ಗೊತ್ತಾಗುತ್ತೆ? ಕಂಪನಿಯವ್ರು ಆ ಬಾಯಿ ನೋಡಿ ಕುಣಿದಾಡ್ತಿದಾರೆ, ಇನ್ನೂ ನಾಲ್ಕು ಕಡೆ ಹಾಕಿ ಅಂದ್ರು. ನಾಳೆಯಿಂದ ನೀನು ಖಾಯಂ. ನಿಮ್ಮಪ್ಪಂಗೆ ಒಂದ್ ಟೂತ್‌ಪೇಸ್ಟೂ ಕೊಡಿಸ್ತೀನಿ, ಆಯ್ತಾ?"

"ನಿಮ್ ಖಾಯಂ ನೀವೇ ಇಟ್ಕೊಳ್ಳಿ. ತೆಗೆಸ್ತೀರೋ ಇಲ್ವೋ?"

"ಆಗಲ್ಲ. ಆ ಬಾಯಿ ತಂದು ಅಲ್ಲಿಟ್ಟೋಳು ನೀನು, ನಾನಲ್ಲ."

ಸುಳ್ಳಾಗಿದ್ದರೆ ಅವನ ಮುಖಕ್ಕೆ ಉಗಿಯುತ್ತಿದ್ದಳು. ಸುಳ್ಳಲ್ಲವಲ್ಲ, ಅದೇ ಅಸಹ್ಯ. ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೊರಟುಬಂದಳು.

ಅಪ್ಪ ಆಗಲೇ ಮನೆಗೆ ಬಂದಿದ್ದ. ಯೂನಿಫಾರ್ಮ್ ಬಿಚ್ಚದೆ ಕುರ್ಚಿಯಲ್ಲಿ ಕೂತಿದ್ದ. ಅವನನ್ನು ನಗಿಸಲೆಂದು ಅವಳು ಡಿಪೋ ಮ್ಯಾನೇಜರನಂತೆ ಹೊಟ್ಟೆ ಮುಂದೆ ಮಾಡಿಕೊಂಡು ಅಡುಗೆಮನೆಯವರೆಗೆ ನಡೆದು ತೋರಿಸಿದಳು. ಅಪ್ಪನಿಗೆ ನಗು ಬಂದೇ ಬಂತು. ಬಂದೊಡನೆ ಅಂಗೈ ಬಾಯಿಗೆ ಅಡ್ಡ ಹೋಯಿತು.

"ಅಪ್ಪಾ, ಕೈ ತೆಗಿ."

"ಇರ್ಲಿ ಬಿಡಮ್ಮ."

"ತೆಗಿಯಪ್ಪಾ..."

ಅವನು ತೆಗೆಯಲಿಲ್ಲ. ಬೆರಳ ಸಂದಿಯಿಂದಲೇ ಹೇಳಿದ: "ಅಕ್ಷರ ತುಂಬ ಚೆನ್ನಾಗಿ ಬಂದಿದೆ ಮಗಳೇ. ನೋಡಿದ್ ತಕ್ಷಣ ಗೊತ್ತಾಯ್ತು, ನಿಂದೇ ಅಂತ."