ದಾರಿಯಲ್ಲಿ ಸಿಕ್ಕಿದ ಐದು ಉಳಿಗಳು

ದಾರಿಯಲ್ಲಿ ದುಡ್ಡು ಬಿದ್ದಿದ್ದರೆ ನಾನು ಮುಟ್ಟುವವಳಲ್ಲ. ಒಮ್ಮೆ ವಡೋದರಾ ಸ್ಟೇಷನ್ನಿನ ಹೊರಗೆ ಐನೂರರ ನೋಟು ಕಾಲಿಗೇ ತಾಗಿತ್ತು. ಅದನ್ನು ಒಯ್ದು ದೇವಸ್ಥಾನದ ಹುಂಡಿಗೆ ಹಾಕಿ, ಆ ಸಂಗತಿಯನ್ನು ಒಂದು ತಿಂಗಳು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ. ಆದರೆ ರಸ್ತೆ ಬದಿಯಲ್ಲಿ ಒಂದು ಸ್ಪ್ಯಾನರ್ ಬಿದ್ದಿರುವುದು ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಇದು ಕಳ್ಳತನ ಅಲ್ಲವೇ ಅಲ್ಲ ಎಂದು ಇಪ್ಪತ್ತು ವರ್ಷ ನನ್ನೊಡನೆಯೇ ವಾದ ಮಾಡಿಕೊಂಡು ಬಂದೆ. ಆ ವಾದದಲ್ಲಿ ಹೇಗೆ ಸೋತೆ ಎನ್ನುವುದನ್ನು ಈಗ ಹೇಳಬೇಕು.

ನಮ್ಮದು ಉಡುಪಿ ಕಡೆಯ ಊಟ ತಿಂಡಿಯ ಹೋಟೆಲು, ಎಂಟೇ ಮೇಜು. ಮೊದಲು ಆರು ವರ್ಷ ಸೂರತ್ತಿನ ಉಧ್ನಾದಲ್ಲಿತ್ತು, ಆಮೇಲೆ ವಡೋದರಾಕ್ಕೆ ಬಂದೆವು. ಮನೆ ಹೋಟೆಲಿನ ಮೇಲೆಯೇ. ನನ್ನ ಯಜಮಾನರಿಗೆ ಹಿಟ್ಟಿನ ಹುಳಿ ಎಷ್ಟು ಬಂದಿದೆಯೆಂದು ಮೂಗಿನಲ್ಲೇ ತಿಳಿಯುತ್ತದೆ, ಆದರೆ ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ಕಾಲು ನಡುಗುತ್ತದೆ. ಹೀಗಾಗಿ ಮಿಕ್ಸಿ, ನಲ್ಲಿ, ಫ್ಯಾನು, ಒಲೆಯ ಬರ್ನರು, ಎಲ್ಲದರ ರಿಪೇರಿ ನನ್ನ ಪಾಲಿಗೆ ಬಂತು. ಅಂಥವಳಿಗೆ ಉಧ್ನಾ ಸ್ವರ್ಗವಾಗಿತ್ತು. ಬಟ್ಟೆ ಕಾರ್ಖಾನೆಗಳ ಬೀದಿ ಅದು. ಟೆಂಪೋಗಳಿಂದ, ಫಿಟ್ಟರುಗಳ ಸೈಕಲ್ಲುಗಳಿಂದ ದಿನಕ್ಕೊಂದು ಏನಾದರೂ ಉದುರುತ್ತಿತ್ತು. ಹಾಲು ತರಲು ಹೋದವಳು ಹಾಲಿನ ಜೊತೆ ಇಕ್ಕಳವನ್ನೂ ತರುತ್ತಿದ್ದೆ. ವಡೋದರಾಕ್ಕೆ ಸಾಮಾನು ಸಾಗಿಸುವ ಹೊತ್ತಿಗೆ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದು ಕಂಠದ ತನಕ ತುಂಬಿತ್ತು. ಲಾರಿಯಲ್ಲಿ ಅದನ್ನು ಬೇರೆಯವರ ಕೈಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಹಾಗೆಂದು ನಾನು ಲಂಗುಲಗಾಮಿಲ್ಲದೆ ಎತ್ತಿಕೊಳ್ಳುತ್ತಿದ್ದವಳಲ್ಲ. ನನಗೂ ಒಂದು ನ್ಯಾಯ ಇತ್ತು. ಬೆರಳಿಗಿಂತ ಚಿಕ್ಕದಾಗಿದ್ದರೆ ಅದು ರಸ್ತೆಯದ್ದು, ಅಂದರೆ ನನ್ನದು. ದೊಡ್ಡದಾಗಿದ್ದರೆ ಯಾರಾದರೂ ಹುಡುಕಿಕೊಂಡು ಬರುತ್ತಾರೋ ಎಂದು ನೂರು ಎಣಿಸುವ ತನಕ ಅಲ್ಲಿಯೇ ನಿಲ್ಲಬೇಕು. ಎಂಬತ್ತು ದಾಟಿದ ಮೇಲೆ ಎಣಿಕೆ ಸ್ವಲ್ಪ ಚುರುಕಾಗುತ್ತಿತ್ತು ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಹೆಸರು ಕೊರೆದಿದ್ದರೆ ಮುಟ್ಟುವಂತಿಲ್ಲ. ಕಾರ್ಖಾನೆಯ ಗೇಟಿನ ಎದುರಿಗೇ ಬಿದ್ದಿದ್ದರೆ ಒಳಗೆ ಕೊಟ್ಟುಬಿಡಬೇಕು. ಇದಕ್ಕೆಲ್ಲ ಬುನಾದಿಯಾಗಿ ಇನ್ನೊಂದು ಮಾತಿತ್ತು: ನಾನು ಬಿಟ್ಟರೆ ಇನ್ನೊಬ್ಬ ಎತ್ತಿಕೊಂಡೇ ಎತ್ತಿಕೊಳ್ಳುತ್ತಾನೆ, ಎತ್ತಿಕೊಂಡು ಗುಜರಿಗೆ ಹಾಕುತ್ತಾನೆ. ನಾನಾದರೆ ತುಕ್ಕು ಉಜ್ಜಿ ಎಣ್ಣೆ ಹಚ್ಚಿ ಇಡುತ್ತೇನೆ.

ಯಾರದೆಂದು ಕೇಳಬಾರದಿತ್ತೇ ಎಂದು ನೀವು ಹೇಳಬಹುದು. ಕೇಳಿ ನೋಡಿದ್ದೇನೆ. ಒಮ್ಮೆ ಹೊಚ್ಚ ಹೊಸ ಇಕ್ಕಳವನ್ನು ಎತ್ತಿ ಹಿಡಿದು ಚಹಾದಂಗಡಿಯ ಎದುರು ಇದು ಯಾರದೆಂದು ಕೇಳಿದ್ದಕ್ಕೆ ಮೂರು ಜನ ಎದ್ದು ಬಂದರು. ಒಬ್ಬ ಪಾನ್ ಕಟ್ಟುವವನು, ಒಬ್ಬ ವಿಮೆಯ ಏಜೆಂಟು, ಮತ್ತೊಬ್ಬ ಚಹಾದಂಗಡಿಯವನೇ. ಪಾನಿನವನಂತೂ ಅದು ತನ್ನ ತೀರಿಕೊಂಡ ತಂದೆಯದೆಂದು ಕಣ್ಣು ಒದ್ದೆ ಮಾಡಿಕೊಂಡ. ಇಕ್ಕಳದ ಮೇಲೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಅವತ್ತಿನಿಂದ ಕೇಳುವುದನ್ನು ಬಿಟ್ಟೆ.

ನಮ್ಮ ಮಗಳು ಅಹಮದಾಬಾದಿನ ಬೋಪಾಲ್ ಎನ್ನುವ ಬಡಾವಣೆಯಲ್ಲಿ ಗೆಳತಿಯರ ಜೊತೆ ಫ್ಲ್ಯಾಟು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಗುಜರಾತಿನಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ನಮ್ಮ ಎದುರಿಗೆ ಮಾತ್ರ ಹೊರಗೆ ಬರುತ್ತದೆ, ಅದೂ ಕುಂಟಿಕೊಂಡು. ರಜೆಯಲ್ಲಿ ಬಂದವಳು ಡಬ್ಬಿಯ ಮುಚ್ಚಳ ತೆರೆದು ನೋಡಿ, "ಅಮ್ಮಾ, ಇದು ಪೂರಾ ಚೋರಿ ಉಂಟು" ಎಂದಳು. ಕನ್ನಡದಲ್ಲಿ ಅದಕ್ಕೆ ಕಳ್ಳತನ ಎನ್ನಬೇಕು ಎಂದು ಅವಳನ್ನು ತಿದ್ದಿ ಆ ವಿಷಯ ಅಲ್ಲಿಗೆ ಮುಗಿಸಿದೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಬೆಳಗಿನ ವಾಕಿಂಗಿನಲ್ಲಿ, ಮಕರಪುರದ ಕಡೆ ಹೋಗುವ ರಸ್ತೆಯ ಅಂಚಿನಲ್ಲಿ ಒಂದು ಚೀಲ ಸಿಕ್ಕಿತು. ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ ಹೊಲಿದ ಚೀಲ. ಒಳಗೆ ಐದು ಉಳಿಗಳು, ಒಂದು ಮೋಟು ಸುತ್ತಿಗೆ. ಸುತ್ತಿಗೆ ಎತ್ತಿದರೆ ತೂಕವೆಲ್ಲ ಸರಿಯಾದ ಜಾಗದಲ್ಲಿ ಕೂತಿತ್ತು. ಆ ದಿನ ಅರವತ್ತಕ್ಕೇ ಎಣಿಕೆ ನಿಲ್ಲಿಸಿದೆ, ಮೋಡ ಕವಿದಿದೆ, ಕಬ್ಬಿಣ ನೆನೆಯಬಾರದು ಎನ್ನುವ ನೆಪ ಸಿಕ್ಕಿತು. ಯಾವುದೋ ದೇವಸ್ಥಾನದ ಶಿಲ್ಪಿಯ ಸಾಮಾನಿರಬೇಕು ಎಂದುಕೊಂಡೆ. ದೇವರ ಕೆಲಸ ಮಾಡುವವನಿಗೆ ದೇವರೇ ಬೇರೆ ಉಳಿ ಕೊಡುತ್ತಾನೆ ಎಂದು ಸಮಾಧಾನವನ್ನೂ ಹೇಳಿಕೊಂಡೆ.

ಅದೇ ತಿಂಗಳು ನಮ್ಮ ಹೋಟೆಲಿಗೆ ಕಲ್ಲು ಕುಟ್ಟುವವನು ಬರಲಿಲ್ಲ. ಇಡ್ಲಿ ದೋಸೆಯ ಹಿಟ್ಟು ಕಡೆಯುವ ಗ್ರೈಂಡರಿನ ಕಲ್ಲು ತಿರುಗಿ ತಿರುಗಿ ನಯವಾಗುತ್ತದೆ. ಉಳಿಯಿಂದ ಸಣ್ಣ ಸಣ್ಣ ಏಟು ಹಾಕಿಸಿ ಅದನ್ನು ಮತ್ತೆ ಒರಟು ಮಾಡಿಸಬೇಕು. ಗುಜರಾತಿನಲ್ಲಿ ಗೋಧಿ ಹಿಟ್ಟಿನ ಗಿರಣಿಗಳಿಗೆ ಕಲ್ಲು ಕುಟ್ಟುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ನೆನೆದ ಉದ್ದಿಗೆ ಕಲ್ಲು ಎಷ್ಟು ಒರಟಿರಬೇಕು ಎಂದು ಬಲ್ಲವನು ಇವನೊಬ್ಬನೇ. ಪ್ರತಿ ಹುಣ್ಣಿಮೆ ಕಳೆದ ಮೂರನೆಯ ದಿನ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಸೈಕಲ್ಲಿನಲ್ಲಿ ಬರುತ್ತಿದ್ದ. ಅದು ನನ್ನ ನಿದ್ದೆಯ ಹೊತ್ತು, ಹಾಗಾಗಿ ನಾನು ಮೇಲಿನಿಂದ ಅವನ ಟಕ್ ಟಕ್ ಸದ್ದು ಕೇಳಿದ್ದೇನೆಯೇ ಹೊರತು ಅವನ ಚೀಲವನ್ನು ನೋಡಿದವಳಲ್ಲ. ಅಷ್ಟು ಸರಿಯಾಗಿ ಬರುವವನ ಫೋನ್ ನಂಬರು ಯಾಕೆ ಎಂದು ಯಜಮಾನರು ಕೇಳಿಯೇ ಇರಲಿಲ್ಲ.

ಹುಣ್ಣಿಮೆ ಕಳೆದು ಹತ್ತು ದಿನವಾಯಿತು. ಕಲ್ಲಿನ ಮೇಲೆ ಅಕ್ಕಿ ಜಾರತೊಡಗಿತು. ಒಂದು ಗಂಟೆಯ ಹಿಟ್ಟಿಗೆ ಎರಡು ಗಂಟೆ ಬೇಕಾಯಿತು, ಹಿಟ್ಟು ಗ್ರೈಂಡರಿನಲ್ಲೇ ಬಿಸಿಯಾಗುತ್ತಿತ್ತು, ಇಡ್ಲಿ ಉಬ್ಬುವ ಬದಲು ಮುನಿಸಿಕೊಂಡು ಕೂರುತ್ತಿತ್ತು. ಯಜಮಾನರು ದಿನಾ ಬೆಳಿಗ್ಗೆ ಕಲ್ಲು ಕುಟ್ಟುವವನಿಗೆ ಬಾಯಿಗೆ ಬಂದ ಹಾಗೆ ಬೈದು ಆಮೇಲೆ ಕಾಫಿ ಕುಡಿಯುತ್ತಿದ್ದರು.

"ಅವನಿಗೆ ಈಗ ಕೊಬ್ಬು ಬಂದಿದೆ ಮಾರಾಯ್ತಿ," ಎಂದರು ಒಂದು ದಿನ. "ನಮ್ಮ ಹೊಟ್ಟೆಗೆ ಹೊಡೆದು ಅವನಿಗೆ ಎಂತ ಸಿಗ್ಲಿಕ್ಕುಂಟು?"

"ಅವನು ಬಾರದಿದ್ರೆ ಬೇಡ," ಎಂದೆ. "ನನ್ನತ್ರ ಉಳಿ ಉಂಟು, ಸುತ್ತಿಗೆ ಉಂಟು. ಕಲ್ಲು ಕುಟ್ಟಲಿಕ್ಕೆ ಇನ್ನೆಂತ ಬೇಕು?"

ಚೀಲವನ್ನು ಕೆಳಗೆ ತಂದು ಉಳಿಗಳನ್ನು ಸಾಲಾಗಿ ಇಟ್ಟೆ. ಅದೇ ಉಳಿಗಳು ತಮ್ಮ ಕಣ್ಣೆದುರೇ ವರ್ಷಗಟ್ಟಲೆ ಕೆಲಸ ಮಾಡಿದ್ದರೂ ಯಜಮಾನರಿಗೆ ಗುರುತು ಹತ್ತಲಿಲ್ಲ. ಅವರ ಪಾಲಿಗೆ ಕಬ್ಬಿಣದಲ್ಲಿ ಎರಡೇ ಜಾತಿ, ದೋಸೆಯ ಕಾವಲಿ ಮತ್ತು ಉಳಿದದ್ದು. ನಾನು ಸೆರಗು ಸಿಕ್ಕಿಸಿ ಕೂತು ಎರಡು ಗಂಟೆ ಕುಟ್ಟಿದೆ. ಕಲ್ಲು ಕುಟ್ಟುವುದಕ್ಕೆ ಹಗುರ ಕೈ ಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ. ಒರಟು ಬೇಕಲ್ಲವೇ ಎಂದು ಒರಟಾಗಿಯೇ ಕುಟ್ಟಿದೆ. ಕುಟ್ಟಿದ ಮೇಲೆ ಒಂದಷ್ಟು ಅಕ್ಕಿ ಹಾಕಿ ಕಡೆದು ಚೆಲ್ಲಬೇಕು ಎನ್ನುವುದು ಗೊತ್ತಿತ್ತು. ಒಂದು ಸಲ ಅಲ್ಲ, ಮೂರು ಸಲ ಚೆಲ್ಲಿದೆವು.

ಮರುದಿನ ಬೆಳಿಗ್ಗೆ ಇಡ್ಲಿ ಹೂವಿನ ಹಾಗೆ ಉಬ್ಬಿತು. ಯಜಮಾನರು ನನ್ನನ್ನು ನೋಡಿದ ನೋಟವನ್ನು ಮದುವೆಯಾದ ಹೊಸತರಲ್ಲಿಯೂ ನಾನು ಕಂಡಿರಲಿಲ್ಲ. ಏಳೂವರೆಗೆ ಮೊದಲ ಗಿರಾಕಿ ಬಂದರು. ದಿನಾ ಎರಡು ಇಡ್ಲಿ ತಿಂದು ಮಾತಾಡದೆ ಹೋಗುವ ನಿವೃತ್ತ ಮೇಷ್ಟರು. ಮೊದಲ ತುತ್ತಿಗೇ ಅವರ ಬಾಯಲ್ಲಿ ಕರುಂ ಎಂದಿತು. ನಾಲಿಗೆಯ ತುದಿಯಿಂದ ಏನೋ ತೆಗೆದು ತಟ್ಟೆಯ ಅಂಚಿನಲ್ಲಿಟ್ಟು, ಬಹಳ ಮರ್ಯಾದೆಯಿಂದ, ಅಣ್ಣಾ, ಇವತ್ತು ಏನಾದರೂ ಹೊಸದು ಹಾಕಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದರು. ಒಂಬತ್ತು ಗಂಟೆಯೊಳಗೆ ಎಂಟೂ ಮೇಜಿನಿಂದ ಕರುಂ ಕೇಳಿಸಿತು. ನಾನು ಆಳವಾಗಿ ಹೊಡೆದ ಕಡೆಯೆಲ್ಲ ಕಲ್ಲು ಇನ್ನೂ ಪುಡಿ ಉದುರಿಸುತ್ತಿತ್ತು. ನಮ್ಮ ಹಿಟ್ಟನ್ನೆಲ್ಲ ಮೋರಿಗೆ ಸುರಿದು, ಇವತ್ತು ತಿಂಡಿ ಇಲ್ಲ ಎಂದು ಬೋರ್ಡು ಹಾಕಿದೆವು.

ಆ ದಿನ ಮಧ್ಯಾಹ್ನವೇ ಕಲ್ಲು ಕುಟ್ಟುವವನು ಬಂದ, ಬರಿಗೈಯಲ್ಲಿ. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ನಾನು ಆಗ ನಿದ್ದೆ ಮಾಡದೆ ಅಡುಗೆಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅವನು ಬಾಗಿಲಲ್ಲೇ ನಿಂತು, ಕೆಲಸದ ಸಾಮಾನಿನ ಚೀಲ ಸೈಕಲ್ಲಿನಿಂದ ಬಿದ್ದುಹೋಯಿತು, ಹೊಸದು ಹದಕ್ಕೆ ಬರುವುದಿಲ್ಲ, ಈಗ ಒಂದು ಗಿರಣಿಯಲ್ಲಿ ಮೂಟೆ ಹೊರುತ್ತಿದ್ದೇನೆ, ನೀವು ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳಿದ. ಅಷ್ಟು ಹೇಳಿ ಹೋಗಲು ಬಂದವನು ಕಲ್ಲಿನ ಅವಸ್ಥೆ ನೋಡಿ ಹತ್ತಿರ ಬಂದ. ಬಗ್ಗಿ ಅದರ ಮೇಲೆ ಬೆರಳಾಡಿಸಿದ.

"ಅಣ್ಣಾ," ಎಂದ ಯಜಮಾನರಿಗೆ, "ಕೈ ನನ್ನದಲ್ಲ. ಉಳಿ ನನ್ನದು."

ಅವನ ಒಂದು ಉಳಿಯ ಮೂಲೆ ಚಕ್ಕೆ ಹಾರಿತ್ತಂತೆ, ಅದರ ಪ್ರತಿ ಏಟಿನ ಪಕ್ಕದಲ್ಲಿ ಕೂದಲೆಳೆಯಷ್ಟು ಗೆರೆ ಉಳಿಯುತ್ತದಂತೆ. ನಮ್ಮ ಕಲ್ಲಿನ ತುಂಬ ಆ ಗೆರೆಗಳಿದ್ದವು. ಹೆಂಡತಿಯ ಮಾನ ಕಾಪಾಡಲು ಯಜಮಾನರು ಆ ಕ್ಷಣವೇ ಒಂದು ಸುಳ್ಳು ಹುಟ್ಟಿಸಿದರು: ಉಳಿಗಳನ್ನು ಗುಜರಿ ಬಜಾರಿನಿಂದ ತಂದದ್ದು. ಮೂವತ್ತು ವರ್ಷದಲ್ಲಿ ಸಾಂಬಾರಿಗೆ ಉಪ್ಪು ಹೆಚ್ಚಾದಾಗಲೂ ಸುಳ್ಳು ಹೇಳಿದವರಲ್ಲ.

ಹಾಗಾದರೆ ಯಾರೋ ಎತ್ತಿಕೊಂಡು ಹೋಗಿ ಗುಜರಿಗೆ ಹಾಕಿದ್ದಾನೆ ಎಂದು ಅವನಿಗೆ ಖಾತ್ರಿಯಾಯಿತು. ಕೂತುಕೊಂಡು ಆ ಯಾರೋ ಒಬ್ಬನನ್ನು ಸಾವಕಾಶವಾಗಿ ಶಪಿಸಲು ಶುರು ಮಾಡಿದ. ನಾನು ಕಾಫಿ ಮಾಡಿ ಕೊಟ್ಟೆ. ಕುಡಿಯುತ್ತಲೇ ಶಾಪ ಮುಂದುವರಿಸಿದ. ಅವನ ಕೈ ಹೀಗಾಗಲಿ, ಕಾಲು ಹಾಗಾಗಲಿ ಎಂದೆಲ್ಲ ಆದ ಮೇಲೆ, ಅವನ ಮನೆಯ ಹಿಟ್ಟು ಯಾವತ್ತೂ ಸರಿಯಾಗದೆ ಹೋಗಲಿ, ಅವನ ಅನ್ನದಲ್ಲಿ ಕಲ್ಲು ಸಿಗಲಿ ಎಂದ. ಯಜಮಾನರು ಮೋರಿಯ ಕಡೆ ನೋಡಿದರು. ಶಾಪ ಬೆಳಿಗ್ಗೆಯೇ ತಟ್ಟಿಯಾಗಿತ್ತು.

ನಾನು ಚೀಲ ತಂದು ಅವನ ಮುಂದಿಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡ. ಆಮೇಲೆ, ಗುಜರಿಯ ಬಾಯಿಂದ ಬಿಡಿಸಿಕೊಂಡು ಬಂದಿರಲ್ಲ ಬೆನ್ ಎಂದು, ಗುಜರಾತಿಯಲ್ಲಿ ನನ್ನನ್ನು ಅಕ್ಕಾ ಎಂದು ಕರೆಯುತ್ತ, ನನ್ನ ಕಾಲು ಮುಟ್ಟಲು ಬಗ್ಗಿದ. ನನ್ನ ಕಾಲು ತಾನಾಗಿಯೇ ಹಿಂದಕ್ಕೆ ಹಾರಿತು. ಗುಜರಿ ಗಿಜರಿ ಇಲ್ಲ, ದಾರಿಯಲ್ಲಿ ಎತ್ತಿಕೊಂಡವಳು ನಾನೇ ಎಂದು ಬಾಯಿ ಬಿಟ್ಟೆ. ಬೈಯುತ್ತಾನೆಂದುಕೊಂಡೆ. ಅವನು ಎಲ್ಲಿ ಸಿಕ್ಕಿತು ಎಂದು ಮಾತ್ರ ಕೇಳಿದ. ಹೇಳಿದೆ. ಅರ್ಧ ಗಂಟೆಯೊಳಗೆ ತಾನು ಅದೇ ಜಾಗಕ್ಕೆ ವಾಪಸು ಬಂದಿದ್ದೆ ಎಂದ. ಆಮೇಲೆ ಎಂಟು ದಿನ ಬೆಳಿಗ್ಗೆ ಹೋಗಿ ಆ ಚರಂಡಿಯನ್ನೆಲ್ಲ ಕೋಲಿನಿಂದ ಕೆದಕಿದ್ದನಂತೆ.

ನನಗೆ ನನ್ನ ಹಳೆಯ ವಾದ ನೆನಪಾಯಿತು, ನಾಚಿಕೆಯಿಲ್ಲದೆ ಆಡಿಯೂ ಬಿಟ್ಟೆ. ನಾನು ತೆಗೆಯದಿದ್ದರೆ ಬೇರೆ ಯಾರೋ ತೆಗೆಯುತ್ತಿದ್ದರು ಎಂದೆ.

"ಯಾರು ಬೆನ್?" ಎಂದ. ಕೋಪವಿರಲಿಲ್ಲ, ನಿಜವಾಗಿಯೂ ಕೇಳಿದ. "ಆ ಮೊಂಡು ಉಳಿ ಈ ಊರಲ್ಲಿ ಇನ್ನು ಯಾರಿಗೆ ಬೇಕು?"

ಇಪ್ಪತ್ತು ವರ್ಷದಲ್ಲಿ ನಾನು ಆ ಇನ್ನೊಬ್ಬನನ್ನು ಒಮ್ಮೆಯೂ ಕಂಡಿರಲಿಲ್ಲ. ಆ ರಸ್ತೆಗಳಲ್ಲೆಲ್ಲ ಎತ್ತಿಕೊಳ್ಳುವವಳು ನಾನೊಬ್ಬಳೇ ಇದ್ದೆನೋ ಏನೋ.

ಇಷ್ಟು ಹೊತ್ತು ಒಂದು ಸಂಗತಿ ಮುಚ್ಚಿಟ್ಟಿದ್ದೇನೆ. ಸುತ್ತಿಗೆ ಮನೆಗೆ ತಂದ ಮರುದಿನವೇ ನಾನು ಅದರ ಹಿಡಿ ಬದಲಿಸಿದ್ದೆ. ಹಳೆಯದು ಕರ್ರಗಾಗಿ ಒಂದು ಕಡೆ ಸವೆದು ಗುಳಿ ಬಿದ್ದಿತ್ತು. ಮುರಿದ ಲಟ್ಟಣಿಗೆಯೊಂದನ್ನು ಕೆತ್ತಿ, ಮರಳು ಕಾಗದದಿಂದ ಉಜ್ಜಿ, ವಾರ್ನಿಷು ಬಳಿದು ಹೊಸ ಹಿಡಿ ಹಾಕಿದ್ದೆ. ಹಳೆಯದು ಕಸದ ಗಾಡಿಯಲ್ಲಿ ಹೋಗಿತ್ತು. ಅವನು ಈಗ ಸುತ್ತಿಗೆ ಹಿಡಿದ. ಅವನ ಹೆಬ್ಬೆರಳು ಆ ವಾರ್ನಿಷಿನ ಮೇಲೆ ಅತ್ತಿತ್ತ ಏನನ್ನೋ ಹುಡುಕಿತು.

ಹಳೆಯದು ಪೂರ್ತಿ ಸವೆದಿತ್ತು, ಅದಕ್ಕೆ ಬಿಸಾಡಿದೆ ಎಂದು ನಾನೇ ಹೇಳಿದೆ.

"ಸವೆದದ್ದಲ್ಲ ಬೆನ್," ಎಂದ. "ಹತ್ತೊಂಬತ್ತು ವರ್ಷ ಹಿಡಿದು ಹಾಗೆ ಮಾಡಿಕೊಂಡದ್ದು."

ಆಮೇಲೆ ಕಲ್ಲಿನ ಮುಂದೆ ಕೂತು ನಾನು ಕೆಡಿಸಿದ್ದನ್ನು ಸರಿ ಮಾಡಲು ತೊಡಗಿದ. ಒಂದು ಗಂಟೆಯ ಕೆಲಸಕ್ಕೆ ಆ ದಿನ ಮೂರು ಗಂಟೆ ಹಿಡಿಯಿತು. ಸುತ್ತಿಗೆ ಜಾರುತ್ತಿತ್ತು, ಅವನು ನಿಲ್ಲಿಸಿ ಕೈ ಒರೆಸಿ ಮತ್ತೆ ಹಿಡಿಯುತ್ತಿದ್ದ. ಮುಗಿಸಿ ಏಳುವಾಗ ಹೆಬ್ಬೆರಳಿನ ಬುಡದಲ್ಲಿ ನೀರು ತುಂಬಿದ ಗುಳ್ಳೆ ಎದ್ದಿತ್ತು. ನಾನು ಕೊಬ್ಬರಿ ಎಣ್ಣೆ ತಂದರೆ ಬೇಡ ಎಂದು, ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿ, ಕೆಲಸ ಚೆನ್ನಾಗಿ ಮಾಡಿದ್ದೀರಿ ಎಂದು ಹೊಗಳಿದ. ಅವನು ಕೊಟ್ಟ ಶಾಪವನ್ನೆಲ್ಲ ಕಾಫಿ ಮಾಡಿಕೊಟ್ಟು ನಿಂತು ಕೇಳಿದ್ದೆ, ಆ ಹೊಗಳಿಕೆಯನ್ನು ಕೇಳಿಸಿಕೊಳ್ಳಲು ಆಗಲಿಲ್ಲ.