ಸುಟ್ಟ ಮೋಟಾರುಗಳು ಮಾತ್ರ

ಹೊಸ್ತೊಡಕಿನ ದಿನ ನನ್ನ ಅತ್ತೆ ನಲ್ಲಿಮೂಳೆಯನ್ನು ಯಾರ ತಟ್ಟೆಗೆ ಹಾಕುತ್ತಾರೆ ಎಂಬುದನ್ನು ನಾನು ನೋಡದವನಂತೆ ಕೂತು ನೋಡುತ್ತೇನೆ. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಮಟನ್ ಸಾರು, ಅಳಿಯಂದಿರು ಬರಲೇಬೇಕು. ನಾನು ದೊಡ್ಡ ಅಳಿಯ. ಹೆಂಡತಿಯ ತಂಗಿಯ ಗಂಡ, ನನ್ನ ಷಡ್ಡಕ, ಚಿಕ್ಕ ಅಳಿಯ. ಅವನು ಪಾವಗಡದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕೆಲಸ ಕಲಿತು, ಕೊರಟಗೆರೆಯಲ್ಲಿ ಸ್ವಂತ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಅವನು ಈ ಮನೆಗೆ ಅಳಿಯನಾಗಿ ಬಂದ ವರ್ಷದಿಂದ ಮೂಳೆ ಅವನ ತಟ್ಟೆಗೇ ಹೋಗುತ್ತಿದೆ.

"ಓದೋ ತಲೆ, ತಿನ್ಲಿ ಬುಡು" ಎನ್ನುತ್ತಾರೆ ಅತ್ತೆ. ದಿನವೆಲ್ಲ ಕಬ್ಬಿಣ ಎತ್ತುವ ತೋಳಿಗೆ ಮಜ್ಜೆ ಬೇಡವೇನೋ.

ಆದರೂ ಆ ಮನೆಯಲ್ಲಿ ನನಗೆಂದೇ ಒಂದು ಜಾಗವಿತ್ತು. ಕೊಡಿಗೇನಹಳ್ಳಿ ಹತ್ತಿರ ಮಾವನ ತೋಟ. ಅಲ್ಲಿನ ಬೋರ್‌ವೆಲ್ ಮೋಟಾರಿಗೆ ಏನಾದರೂ ಆದರೆ ಮೊದಲ ಫೋನು ನನಗೆ. "ಬೇಗ ಬಾರಪ್ಪ, ನೀನಿಲ್ದೆ ಆಗಲ್ಲ" ಎಂದು ಮಾವ ಹೇಳಿದಾಗ ಆ ಫೋನನ್ನು ಸ್ಪೀಕರಿಗೆ ಹಾಕಿ ಹೆಂಡತಿಗೂ ಕೇಳಿಸುತ್ತಿದ್ದೆ. ಮೂಳೆ ಅವನಿಗೆ, ಮೋಟಾರು ನನಗೆ ಎಂದು ಮನಸ್ಸಿನಲ್ಲೇ ಪಾಲು ಮಾಡಿಕೊಂಡಿದ್ದೆ.

ಅಂಗಡಿಗೆ ಸುಟ್ಟ ಮೋಟಾರು ತಂದವರು ಮೊದಲು ಕೇಳುವುದು "ಯಾವಾಗ ಕೊಡ್ತೀಯ" ಎಂದಲ್ಲ, "ಯಾಕೆ ಸುಡ್ತು" ಎಂದು. ಕರಗಿ ಅಂಟಿಕೊಂಡ ವೈರನ್ನು ಎಳೆದು ಹಾಕುತ್ತಲೇ ನಾನು ಉತ್ತರ ಕೊಡಬೇಕು. ಹಾಗೆ ಕೊಟ್ಟು ಕೊಟ್ಟು ನಾನೊಂದು ಕಾರಣ ಕಂಡುಹಿಡಿದಿದ್ದೆ. ತೋಟದ ಕರೆಂಟು ಹೊತ್ತುಗೊತ್ತಿಲ್ಲದೆ ಬರುತ್ತದೆ. ಸ್ಟಾರ್ಟರ್ ಡಬ್ಬಕ್ಕೆ 'ಆಟೋ' ಕೂರಿಸಿದರೆ ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿಯೇ ಓಡುತ್ತದೆ, ಯಾರೂ ಹೋಗಿ ಒತ್ತಬೇಕಿಲ್ಲ. ನನ್ನಲ್ಲಿಗೆ ಬಂದ ಪ್ರತಿಯೊಬ್ಬರನ್ನೂ ಕೇಳಿದೆ: "ಆಟೋ ಹಾಕ್ಸಿದೀರಾ?" ಎಲ್ಲರೂ ಹೌದೆಂದರು. ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ಸುಡುವುದು ಆಟೋದಿಂದಲೇ.

ಹೋದ ಬೇಸಿಗೆಗೆ ಮುಂಚೆ ಮಾವನ ಮೋಟಾರು ಸುಟ್ಟಾಗ ಹೊಸದಾಗಿ ಕಾಯಿಲ್ ಕಟ್ಟಿಕೊಟ್ಟೆ, ಡಬ್ಬದಿಂದ ಆಟೋ ಕಿತ್ತು ಹಾಕಿದೆ, ಕರೆಂಟು ಬಂದ ಮೇಲೆ ಸ್ವಲ್ಪ ತಡೆದು ಕೈಯಿಂದಲೇ ಒತ್ತಿ ಎಂದೆ. ಅಂದಿನಿಂದ ಕರೆಂಟು ಬಂದಾಗಲೆಲ್ಲ ಮಾವ ಮನೆಯಿಂದ ತೋಟಕ್ಕೆ ನಡೆದರು. ಅವರಿಗೆ ಮಂಡಿ ನೋವು. ಒಮ್ಮೊಮ್ಮೆ ಅವರು ತಲುಪುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು. ಆದರೂ ನನ್ನ ಮಾತನ್ನು ಮೀರಲಿಲ್ಲ. ಅದು ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಅವರು ಕುಂಟುವುದು ಕಣ್ಣಿಗೇ ಬೀಳುತ್ತಿರಲಿಲ್ಲ.

ಈ ಯುಗಾದಿಗೆ ಸ್ವಲ್ಪ ಮುಂಚೆ ಆ ಮೋಟಾರು ಮತ್ತೆ ಸುಟ್ಟಿತು. ಮಾವ ಫೋನು ಮಾಡಿದ್ದು ನನಗಲ್ಲ, ಪಾವಗಡಕ್ಕೆ. ನಾದಿನಿ ತನ್ನ ಅಕ್ಕನಿಗೆ ಹೇಳಿ, ಅಕ್ಕ ನನಗೆ ಹೇಳಿದಾಗ ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಪಾಠ ಮಾಡೋನಿಗೆ ಮೋಟ್ರು ಏನ್ ಗೊತ್ತು? ಅವ್ನಿಗೆ ಎಲ್ಲಾನೂ ಬೇಕು. ಕುಂತ್ಕಂಡ್ ತಿನ್ನೋ ಸುಖ, ಇಸ್ತ್ರಿ ಬಟ್ಟೆ, ಈಗ ಇದೂ" ಎಂದೆ.

"ನೀವು ಅವ್ನ ನೋಡಿರೋದು ಹಬ್ಬದ ದಿನ ಮಾತ್ರ" ಎಂದಳು ಹೆಂಡತಿ. "ಹಬ್ಬದಲ್ಲಿ ಎಲ್ರೂ ಇಸ್ತ್ರಿ ಬಟ್ಟೆನೇ ಹಾಕೋದು. ಒಂದ್ ದಿನ ಸುಮ್ನೆ ಅವ್ರ ಮನೆಗೋಗಿ ನೋಡ್ಕಂಡ್ ಬನ್ನಿ."

ನಾನು ಇವತ್ತಿನವರೆಗೂ ಹೋಗಿಲ್ಲ.

ಹೊಸ್ತೊಡಕಿನ ಊಟವಾದ ಮೇಲೆ ಜಗಲಿಯಲ್ಲಿ ಎಲೆಅಡಿಕೆಗೆ ಕೂತೆವು. ಮಾವ ಇಬ್ಬರಿಗೂ ಹೇಳುವಂತೆ, ಆದರೆ ಅವನ ಮುಖ ನೋಡಿಕೊಂಡು, "ಈ ಮೋಟ್ರು ಮತ್ತೆ ಹೋಯ್ತಲ್ಲಪ್ಪ, ಏನ್ ಮಾಡೋದು?" ಎಂದರು.

"ಅಣ್ಣಾನೇ ಇದಾರಲ್ಲ ಮಾವ" ಎಂದ ಅವನು.

ಆ ವಿನಯವೇ ನನಗೆ ಉರಿ. "ಕರೆಂಟ್ ಬಂದೇಟ್ಗೆ ಒತ್ಬುಟ್ಟಿರ್ತೀರ ಮಾವ" ಎಂದೆ. "ಸ್ವಲ್ಪ ತಡ್ದು ಒತ್ತಿ ಅಂದಿರ್ಲಿಲ್ವಾ?"

"ತಡ್ದೆ ಕಣಪ್ಪ. ಕಲ್ ಮೇಲೆ ಕುಂತ್ಕಂಡ್ ತಡ್ದೆ. ಈ ಮಂಡಿ ಇಟ್ಕಂಡು ಕೂರ್ದೆ ಇನ್ನೇನ್ ಮಾಡ್ಲಿ?"

ಷಡ್ಡಕ ನನ್ನ ಕಡೆ ತಿರುಗಿದ. "ಆಟೋದಿಂದ್ಲೇ ಸುಡುತ್ತೆ ಅಂತ ಹೆಂಗೆ ಗೊತ್ತಾಯ್ತಣ್ಣ?"

"ಅಂಗಡಿಗೆ ಬರೋ ಮೋಟ್ರೆಲ್ಲ ಆಟೋದವೇ. ಒಬ್ಬೊಬ್ರನ್ನೂ ಕೇಳಿದೀನಿ."

"ಅಂಗಡಿಗೆ ಬರ್ದೇ ಇರೋವು?"

"ಬರ್ದೇ ಇರೋವ್ನ ನಾನ್ಯಾಕ್ ಕೇಳ್ಲಿ? ಚೆನ್ನಾಗಿರೋರ ಮನೆಗೆ ಡಾಕ್ಟ್ರು ಹೋಗಿ ನೋಡ್ತಾರಾ?"

"ನೋಡಲ್ಲ. ಅದಕ್ಕೇ ಕೇಳ್ದೆ. ಬನ್ನಿ, ಒಂದ್ ಸುತ್ತು ಹೋಗ್ ಬರಣ."

ಒಲ್ಲೆನೆಂದರೆ ಹೆದರಿದಂತಾಗುತ್ತದೆ. ಹೊರಟೆ. ಮಾವನೂ ಕೋಲು ಊರಿಕೊಂಡು ಹಿಂದೆ ಬಂದರು. ಪಕ್ಕದ ತೋಟದಲ್ಲಿ ಕನಕಾಂಬರ ಬೆಳೆಯುವ ರೈತ ನಮ್ಮನ್ನು ಕಂಡು ನಕ್ಕ.

"ಏಮಪ್ಪಾ, ಇಬ್ರು ಅಳಿಯಂದ್ರೂ ಜೋಡಿಯಾಗಿ ಮೆರವಣಿಗೆ ಹೊಂಟಿದೀರ! ಮೂಳೆ ಯಾರ್ಗೆ ಬಿತ್ತು?"

ಇದು ಊರಿಗೇ ಗೊತ್ತಿದೆಯೆಂದು ನನಗೆ ಆಗಲೇ ತಿಳಿದದ್ದು. ಷಡ್ಡಕ ಮಾತು ಮರೆಸಿ ಕೇಳಿದ. "ನಿಮ್ ಮೋಟ್ರು ಸುಟ್ಟೈತಾ?"

"ಇಲ್ಲಪ್ಪ. ನನ್ ಮಗಳ ಮದ್ವೆಗೂ ಮುಂಚೆ ಬೋರಿಗೆ ಬಿಟ್ಟಿದ್ದು. ಅದರ ಮುಖ ನೋಡೇ ಇಲ್ಲ."

"ಆಟೋ ಐತಾ?"

"ಆಟೋ ಇಲ್ದೆ? ನಾನೇನ್ ರಾತ್ರಿ ಹಗ್ಲು ಇಲ್ಲೇ ಬಿದ್ದಿರ್ಲಾ, ನಿಮ್ ಮಾವನಂಗೆ?"

ಮುಂದಿನ ತೋಟದಲ್ಲೂ ಆಟೋ, ಅದರಾಚೆಯದರಲ್ಲೂ ಆಟೋ. ಸುಟ್ಟವಕ್ಕೂ ಇತ್ತು, ಸುಡದವಕ್ಕೂ ಇತ್ತು. ಆ ಬಯಲಿನಲ್ಲಿ ಆಟೋ ಇಲ್ಲದ ಡಬ್ಬ ಒಂದೇ, ನಾನು ಕಿತ್ತ ಡಬ್ಬ. ಅದರ ಮೋಟಾರು ಸುಟ್ಟು ಕೂತಿತ್ತು.

ಮಾವ ಬದುವಿನ ಮೇಲೆ ಕೂತು ಮಂಡಿ ಒತ್ತಿಕೊಂಡರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ವಾಪಸು ಬರುವಾಗ ಅವನು ನನ್ನನ್ನು ಸಮಾಧಾನ ಮಾಡಲು ಹೊರಟ. "ನಮ್ ಸ್ಟಾಫ್ ರೂಮಲ್ಲೂ ಇದೇ ಕಥೆ ಅಣ್ಣ. ಫೇಲಾದೋರನ್ನೆಲ್ಲ ಕರ್ಸಿ ಕೇಳ್ತಾರೆ, ಮೊಬೈಲ್ ನೋಡ್ತೀಯಾ ಅಂತ. ಹೂಂ ಅಂತಾರೆ. ಮೊಬೈಲಿಂದ್ಲೇ ಹಾಳಾದ್ರು ಅಂತ ತೀರ್ಮಾನ. ಪಾಸಾದೋರ ಕೈಲೂ ಮೊಬೈಲ್ ಐತೆ, ಅವ್ರನ್ನ ಯಾರೂ ಕರ್ಸಲ್ಲ." ಮಾವ ಹಿಂದಿನಿಂದ ದನಿಗೂಡಿಸಿದರು. ಮಧುಗಿರಿಯ ಡಾಕ್ಟರು ಅವರಿಗೆ, ಮಂಡಿ ನೋವಿನವರೆಲ್ಲ ನೆಲದ ಮೇಲೆ ಕೂತು ಉಣ್ಣುವವರೇ, ಅದನ್ನು ಬಿಡಿ ಎಂದಿದ್ದರಂತೆ. ನೆಲದ ಮೇಲೆ ಕೂರದವರು ಆ ಊರಲ್ಲಿ ಯಾರಿದ್ದಾರೆ? ನನಗೂ ನೆನಪಾಯಿತು: ನಾದಿನಿಯ ಮದುವೆ ತಡವಾದಾಗ ಜಾತಕ ನೋಡಿದವರು, ತಡವಾದವರ ಜಾತಕದಲ್ಲೆಲ್ಲ ಈ ದೋಷ ಕಂಡಿದ್ದೇನೆ ಎಂದಿದ್ದರು. ಬೇಗ ಮದುವೆಯಾದವರು ಅವರ ಬಳಿ ಹೋಗುವುದೇ ಇಲ್ಲ. ಓದಿದವರೂ ನನ್ನಂತೆಯೇ ಎಂದು ಹಗುರಾಗಬೇಕಿತ್ತು. ಆಗಲಿಲ್ಲ. ಹಾಗೆ ಹೇಳಿ ಹಗುರಾಗಿಸುವ ಕೆಲಸವೂ ಅವನದೇ ಆಯಿತಲ್ಲ ಎನಿಸಿತು.

ಕೊನೆಗೆ ನನ್ನ ಹತ್ತಿರವೂ ಒಂದು ಪಟ್ಟು ಉಳಿದಿತ್ತು. ಜಗಲಿ ಹತ್ತಿದ ಮೇಲೆ ಎಲ್ಲರೆದುರು ಕೇಳಿದೆ. "ಸರಿ, ಆಟೋ ಅಲ್ಲ. ಅಂಗಾದ್ರೆ ಯಾಕ್ ಸುಡ್ತು? ನೀನೇ ಹೇಳು."

"ಗೊತ್ತಿಲ್ಲ ಅಣ್ಣ" ಎಂದ.

ತಡವರಿಸಲಿಲ್ಲ, ತಲೆ ತಗ್ಗಿಸಲಿಲ್ಲ. ನೀರು ಬೇಕಾ ಎಂದರೆ ಬೇಡ ಅನ್ನುವಷ್ಟು ಸಲೀಸಾಗಿ ಅಂದ. ನಾನು ಮಾವನ ಮುಖ ನೋಡಿದೆ, ಈಗಲಾದರೂ ಇಳಿಯುತ್ತದೆಯೇ ಎಂದು. ಇಳಿಯಲಿಲ್ಲ. "ನೋಡು, ಇರೋದ್ ಇದ್ದಂಗೆ ಹೇಳ್ದ" ಎಂದು ಅತ್ತೆ ಬಾಗಿಲಲ್ಲಿ ನಿಂತು ಮೆಚ್ಚಿದರು. ಮೂಳೆಗೂ ನನಗೆ ಅಷ್ಟು ಹೊಟ್ಟೆ ಉರಿದಿರಲಿಲ್ಲ.

ಯಾಕೆಂದರೆ ಆ ಮಾತು ನನ್ನ ಬಾಯಿಗೆ ಎಟುಕುವುದಲ್ಲ. ಮಾವನ ಮೋಟಾರನ್ನು ಅವನೇ "ಅಣ್ಣನತ್ರಾನೇ ಕಟ್ಸಿ" ಎಂದು ನನ್ನ ಗಾಡಿಗೆ ಹತ್ತಿಸಿದ. ಕೊರಟಗೆರೆಗೆ ಬಂದು ಅದರ ಕೆಲಸ ಹಿಡಿದ ದಿನವೇ ಕೊಳಾಲದ ಕಡೆಯ ಒಬ್ಬರು ತಮ್ಮ ಮೋಟಾರು ತಂದು ಇಳಿಸಿ, "ಯಾಕಣ್ಣ ಸುಡ್ತು?" ಎಂದರು. ನೋಡೋಣವೆಂದು ಹೇಳಿಯೇ ಬಿಟ್ಟೆ: "ಗೊತ್ತಿಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗೊತ್ತಿಲ್ದಿದ್ ಮೇಲೆ ಅಂಗ್ಡಿ ಯಾಕ್ ಇಟ್ಟಿದೀಯ?" ಎಂದು ಮೋಟಾರನ್ನು ರಸ್ತೆಯಾಚೆಯ ಅಂಗಡಿಗೆ ಹೊತ್ತರು. ಆಚೆಯವನು ಬಗ್ಗಿಯೂ ನೋಡದೆ "ಲೋ ವೋಲ್ಟೇಜು!" ಎಂದದ್ದು ನನಗೆ ಇಲ್ಲಿಗೇ ಕೇಳಿಸಿತು. ಷಡ್ಡಕ ಹಾಗೆಂದರೆ ಪ್ರಾಮಾಣಿಕ, ನಾನಂದರೆ ಅಡ್ಡಕಸುಬಿ. ಅವನ ಹಿಂದೆ ಕಾಲೇಜು ನಿಂತಿದೆ. ನನ್ನ ಹಿಂದೆ ತಂತಿಯ ಸುರುಳಿ ಬಿಟ್ಟರೆ ಬೇರೇನಿದೆ?

ಮಾವನ ಮೋಟಾರನ್ನು ಮಾತ್ರ ಬೇರೆ ಯಾವ ಮೋಟಾರನ್ನೂ ಕಟ್ಟದಷ್ಟು ಚೆನ್ನಾಗಿ ಕಟ್ಟಿದೆ. ನಾನೇ ಹೋಗಿ ಬೋರಿಗೆ ಇಳಿಸಿದೆ. ಕಿತ್ತಿದ್ದ ಆಟೋವನ್ನು ಯಾರೂ ಕೇಳದೆಯೇ ವಾಪಸು ಡಬ್ಬದೊಳಗೆ ಕೂರಿಸಿದೆ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಮಾವನ ಫೋನು ಬಂತು.

"ತಾನೇ ಎದ್ದು ನೀರ್ ಹೊಯ್ತಾ ಐತೆ ಕಣಪ್ಪ. ನಾನು ಮನೇಲೇ ಕುಂತಿದೀನಿ, ಕಾಫಿ ಕುಡೀತಾ." ದನಿಯಲ್ಲಿ ನಗುವಿತ್ತು. ಆಮೇಲೆ ಕೇಳಿದರು. "ಈ ಸಲ ಸುಡಲ್ಲ ತಾನೆ?"

ಸುಡಲ್ಲ ಎಂಬ ಮಾತು ನಾಲಗೆಯ ಮೇಲೇ ಇತ್ತು. ಆ ಮಂಡಿ ನೆನಪಾಯಿತು.

"ಗೊತ್ತಿಲ್ಲ ಮಾವ" ಎಂದೆ. ಜೀವಮಾನದಲ್ಲಿ ನನಗೆ ಅಷ್ಟು ಕಷ್ಟದ ಮಾತು ಇನ್ನೊಂದಿಲ್ಲ. ಅದನ್ನಾದರೂ ಮೆಚ್ಚುತ್ತಾರೆಂದು ಕಾದೆ.

"ಹೂಂ ಕಣಪ್ಪ" ಎಂದರು ಮಾವ. "ಈಗ್ತಾನೇ ಪಾವಗಡಕ್ಕೆ ಫೋನ್ ಮಾಡಿದ್ದೆ. ಅವ್ನೂ ಅಂಗೇ ಅಂದ."